ಕಾಸರಗೋಡಿನ ರಿಗ್ ಸುರಕ್ಷತಾ ತರಗತಿ: ಬಾವಿಯ ಪಾಠ ಉತ್ತಮ, ಲೈಫ್‌ಬೋಟಿನ ಪಾಠ ಸಾಲದು

ಕಾಸರಗೋಡಿನ ಹೊಸ ಬಸ್ ನಿಲ್ದಾಣದ ಸಮೀಪದ ವಾಣಿಜ್ಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ, ಸಮುದ್ರದ ಡ್ರಿಲ್ಲಿಂಗ್ ರಿಗ್‌ಗಳಿಗೆ ಕೆಲಸಕ್ಕೆ ಹೊರಟ ಹುಡುಗರಿಗೆಂದೇ ನಾಲ್ಕು ದಿನಗಳ ತರಗತಿಯೊಂದು ನಡೆಯುತ್ತದೆ. ಕಳೆದ ತಿಂಗಳು ನನ್ನ ಸೋದರಳಿಯನ ಜೊತೆ ನಾನೂ ಶುಲ್ಕ ಕಟ್ಟಿ ಅದರಲ್ಲಿ ಕುಳಿತು ಬಂದೆ. ಮುಂಬಯಿಯ ಪಶ್ಚಿಮದ ಕಡಲಿನಲ್ಲಿ ಹನ್ನೊಂದು ವರ್ಷ ದುಡಿದು, ರಿಗ್ಗಿನ ಗೋಪುರದ ಮೇಲೆ ಪೈಪ್ ನಿಭಾಯಿಸುವ ಡೆರಿಕ್‌ಮನ್ ಆಗಿ ನಿವೃತ್ತನಾಗಿ, ಈಗ ನೀರ್ಚಾಲಿನ ಹತ್ತಿರ ಅಡಿಕೆ ತೋಟ ನೋಡಿಕೊಂಡಿರುವ ನನಗೆ ಈ ಹುಡುಗರಿಗೆ ಏನನ್ನು, ಯಾವ ಭಾಷೆಯಲ್ಲಿ ಹೇಳಿಕೊಡುತ್ತಾರೆ ಎಂಬುದನ್ನು ಕಣ್ಣಾರೆ ನೋಡಬೇಕಿತ್ತು. ಶುಲ್ಕ ಒಬ್ಬರಿಗೆ 5,500 ರೂಪಾಯಿ, ಮಧ್ಯಾಹ್ನದ ಊಟ ಸೇರಿ. ಪಾಠ ಕನ್ನಡದಲ್ಲಿ, ಬೇಕಾದಲ್ಲಿ ಮಲಯಾಳದಲ್ಲಿ. ರಿಗ್ ಹತ್ತಲು ಕಂಪೆನಿಗಳು ಕೇಳುವ ಪ್ರಮಾಣಪತ್ರ ಇಲ್ಲಿ ಸಿಗುವುದಿಲ್ಲ ಎಂಬುದನ್ನು ಮೊದಲ ದಿನವೇ, ಮೊದಲ ಮಾತಿನಲ್ಲೇ ತಿಳಿಸಿದರು. ಆ ಪ್ರಾಮಾಣಿಕತೆಯನ್ನು ಮೆಚ್ಚಿದೆ.

ಮೊದಲ ಎರಡು ದಿನ ಎಣ್ಣೆ, ಗ್ಯಾಸಿಗೆಂದು ಕೊರೆಯುವ ಬಾವಿಯ ಪಾಠ, ಮತ್ತು ಈ ತರಗತಿಯ ನಿಜವಾದ ಬೆಲೆ ಇರುವುದು ಅಲ್ಲಿಯೇ. ಬಾವಿಯೊಳಗಿನ ಗ್ಯಾಸನ್ನು ತಡೆದು ನಿಲ್ಲಿಸುವುದು ಮೊದಲಿಗೆ ಯಾವ ಯಂತ್ರವೂ ಅಲ್ಲ, ಕೊಳವೆಯ ತುಂಬ ನಿಂತ ಮಡ್‌ನ, ಅಂದರೆ ಕೊರೆಯುವಾಗ ಪಂಪ್ ಮಾಡುವ ಕೆಸರಿನಂಥ ದ್ರವದ, ಭಾರ ಎಂಬಲ್ಲಿಂದ ಅವರು ಪಾಠ ತೊಡಗಿದರು. ಗ್ಯಾಲನ್‌ಗೆ 10 ಪೌಂಡ್ ತೂಗುವ ಮಡ್ 10,000 ಅಡಿ ಆಳದಲ್ಲಿ ಚದರ ಇಂಚಿಗೆ 5,200 ಪೌಂಡ್ ಒತ್ತಡ ಕೊಡುತ್ತದೆ. ಬಂಡೆಯೊಳಗಿನ ಒತ್ತಡ ಇದಕ್ಕಿಂತ ಮೇಲೇರಿದರೆ ಗ್ಯಾಸ್ ಬಾವಿಗೆ ನುಗ್ಗುತ್ತದೆ, ಅದೇ ಕಿಕ್. ತಳದಲ್ಲಿ ಒಳಬಂದ ಒಂದು ಬ್ಯಾರೆಲ್ ಗ್ಯಾಸ್ ತಡೆಯಿಲ್ಲದೆ ಮೇಲೆ ಬಂದರೆ ಎಷ್ಟಾಗುತ್ತದೆ ಎಂದು ಹುಡುಗರಿಂದಲೇ ಲೆಕ್ಕ ಹಾಕಿಸಿದರು. ಉಷ್ಣತೆಯ ವ್ಯತ್ಯಾಸವನ್ನು ಬದಿಗಿಟ್ಟರೆ 300 ಪಟ್ಟಿಗೂ ಮಿಕ್ಕುತ್ತದೆ, ಮತ್ತು ಈ ಹಿಗ್ಗುವಿಕೆಯ ಬಹುಪಾಲು ನಡೆಯುವುದು ಮೇಲ್ಮೈ ಹತ್ತಿರವಾದಾಗ. ಗಂಟೆಗಟ್ಟಲೆ ಏನೂ ಆಗದಂತೆ ಕಾಣುವ ಬಾವಿ ಕೊನೆಯ ಕೆಲವು ನಿಮಿಷಗಳಲ್ಲಿ ಯಾಕೆ ಸಿಡಿಯುತ್ತದೆ ಎಂಬುದು ಆ ಒಂದು ಲೆಕ್ಕದಲ್ಲಿ ಇಡೀ ತರಗತಿಗೆ ತಿಳಿಯಿತು.

ನನಗೆ ಅದು ತಿಳಿಯಲು ಮೂರು ವರ್ಷ ಬೇಕಾಯಿತು. ಇಂಗ್ಲಿಷಿನ ಹಾಳೆಯನ್ನು ಬಾಯಿಪಾಠ ಮಾಡಿ ಪರೀಕ್ಷೆ ದಾಟಿದವನು ನಾನು. ಒಂದು ರಾತ್ರಿ ಪೈಪ್ ಜೋಡಿಸಲು ಪಂಪ್ ನಿಲ್ಲಿಸಿದ್ದಾಗಲೂ ಬಾವಿಯಿಂದ ಹಿಂದಿರುಗುವ ಫ್ಲೋ ಲೈನಿನಿಂದ ಮಡ್ ಹರಿಯುತ್ತಲೇ ಇದ್ದುದನ್ನು, ಅದನ್ನು ಸೋಸುವ ಶೇಕರಿನ ಬಳಿ ನಿಂತು ಕಂಡೆ. ಕೊಳವೆಗಳಲ್ಲಿ ಉಳಿದದ್ದು ಬಸಿಯುತ್ತಿರಬಹುದು ಎಂದುಕೊಂಡು, ತಪ್ಪಾಗಿ ಹೇಳಿದರೆ ಬೈಸಿಕೊಳ್ಳಬೇಕೆಂಬ ಅಳುಕಿನಲ್ಲಿ, ಕೆಲವು ನಿಮಿಷ ಸುಮ್ಮನಿದ್ದೆ. ಕೊನೆಗೆ ಹೇಳಿದಾಗ ಡ್ರಿಲ್ಲರ್ ಮರುಮಾತಿಲ್ಲದೆ ಬಾವಿ ಮುಚ್ಚಿದ. ಪೈಪಿನ ಮೇಲೆ ಒತ್ತಡ ಏರುತ್ತಿದ್ದುದು ಗೇಜಿನಲ್ಲಿ ಕಾಣಿಸಿತು. ಆ ಕೆಲವು ನಿಮಿಷಗಳ ಮೌನ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆದ್ದರಿಂದ ಇಲ್ಲಿಯ ಶಿಕ್ಷಕರು ಪ್ರತಿಯೊಬ್ಬ ಹುಡುಗನನ್ನೂ ನಿಲ್ಲಿಸಿ, ಪಂಪ್ ನಿಂತರೂ ಹರಿವು ನಿಂತಿಲ್ಲ, ಮಡ್ ತುಂಬಿಡುವ ಪಿಟ್‌ನ ಮಟ್ಟ ಏರಿದೆ ಎಂಬಂಥ ಸುದ್ದಿಯನ್ನು ರಿಗ್ಗಿನ ಭಾಷೆಯಲ್ಲಿ ಗಟ್ಟಿಯಾಗಿ ಕೂಗಿ ಹೇಳಿಸಿದಾಗ ನನ್ನ ಕಣ್ಣು ತೇವವಾಯಿತು. ಕಾರಣವನ್ನು ಕನ್ನಡದಲ್ಲಿ ಅರಿತವನು ಆ ಕೂಗನ್ನು ಯಾವ ಭಾಷೆಯಲ್ಲಾದರೂ ಕೂಗಬಲ್ಲ.

ಬಿಒಪಿಯ, ಅಂದರೆ ಅಪಾಯದಲ್ಲಿ ಬಾವಿಯ ಬಾಯಿ ಮುಚ್ಚುವ ಯಂತ್ರದ, ಪಾಠಕ್ಕೆ ಅವರೇ ಪ್ಲೈವುಡ್ ಮತ್ತು ಸೈಕಲ್ ಟ್ಯೂಬಿನಿಂದ ಮಾದರಿಯೊಂದನ್ನು ಕಟ್ಟಿದ್ದಾರೆ. ಟ್ಯೂಬು ಪೈಪನ್ನು ಸುತ್ತುವರಿದು ಅಪ್ಪುವುದು ಆನ್ಯುಲರ್, ಎರಡು ಕಡೆಯಿಂದ ಬಂದು ಹಿಡಿಯುವುದು ಪೈಪ್ ರ‍್ಯಾಮ್, ಕತ್ತರಿಸಿಯೇ ಮುಚ್ಚುವುದು ಶಿಯರ್ ರ‍್ಯಾಮ್. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಹೊತ್ತಿಕೊಂಡು 11 ಮಂದಿ ಸತ್ತು, ಬಾವಿ 87 ದಿನ ಹರಿದದ್ದನ್ನು ವಿವರಿಸುವಾಗ, ಪೈಪು ಬಾಗಿ ನಡುವಿನಿಂದ ಸರಿದುದರಿಂದ ಶಿಯರ್ ರ‍್ಯಾಮಿಗೆ ಅದನ್ನು ಪೂರ್ತಿ ಕತ್ತರಿಸಲಾಗಲಿಲ್ಲ ಎಂಬುದನ್ನು ಈ ಮಾದರಿಯಲ್ಲೇ ತೋರಿಸಿದರು. ಅದಕ್ಕೂ ಮೊದಲು, ಮೇಲಿನ ಒತ್ತಡ ಇಳಿಸಿ ಬಾವಿ ಸೋರುತ್ತದೆಯೇ ಎಂದು ನೋಡುವ ನೆಗೆಟಿವ್ ಟೆಸ್ಟಿನಲ್ಲಿ, ಡ್ರಿಲ್ ಪೈಪಿನ ಮೇಲೆ ಚದರ ಇಂಚಿಗೆ 1,400 ಪೌಂಡ್ ಒತ್ತಡ ಕಂಡರೂ, ಬಾವಿಗೆ ಹೋಗುವ ಪಕ್ಕದ ಕೊಳವೆಯಾದ ಕಿಲ್ ಲೈನಿನಲ್ಲಿ ಏನೂ ಇಲ್ಲವೆಂದು ಸಮಾಧಾನಪಟ್ಟು ಮುಂದುವರಿದದ್ದನ್ನೂ ಬಿಡಲಿಲ್ಲ.

ಗ್ಯಾಸ್ ಬಾವಿಗಳ ವಿಶೇಷ ಅಪಾಯಕ್ಕೆ ಮೂರನೆಯ ದಿನದ ಅರ್ಧ ಹೊತ್ತು ಕೊಟ್ಟಿದ್ದಾರೆ. ಸಮುದ್ರತಳದ ಸ್ವಲ್ಪವೇ ಕೆಳಗೆ ಗ್ಯಾಸ್ ಸಿಕ್ಕಿದರೆ ಬಾವಿಯನ್ನು ಮುಚ್ಚುವಂತಿಲ್ಲ. ಮುಚ್ಚಿದರೆ ಮೆತ್ತನೆಯ ನೆಲ ಒಡೆದು ಗ್ಯಾಸ್ ರಿಗ್ಗಿನ ಕಾಲಬುಡದಲ್ಲೇ ಏಳಬಹುದು, ಗ್ಯಾಸನ್ನು ಪಕ್ಕಕ್ಕೆ ತಿರುಗಿಸುವ ಡೈವರ್ಟರಿನಿಂದ ಗಾಳಿ ಸಾಗುವ ದಿಕ್ಕಿಗೆ ಬಿಡುವುದೊಂದೇ ದಾರಿ. ಗಾಳಿಯಲ್ಲಿ ಮೀಥೇನ್ ಶೇಕಡ 5ರಿಂದ 15ರಷ್ಟಿದ್ದರೆ ಒಂದು ಕಿಡಿ ಸಾಕು. 2012ರ ಜನವರಿಯಲ್ಲಿ ನೈಜೀರಿಯದ ಕಡಲಲ್ಲಿ ಕೆ.ಎಸ್. ಎಂಡೆವರ್ ರಿಗ್ ಹೊತ್ತಿ ಇಬ್ಬರು ಸತ್ತರು, ಬೆಂಕಿ 46 ದಿನ ಉರಿಯಿತು. 2013ರ ಜುಲೈ 23ರಂದು ಹರ್ಕ್ಯುಲಿಸ್ 265 ರಿಗ್ಗಿನಲ್ಲಿ ಗ್ಯಾಸ್ ಚಿಮ್ಮಿದಾಗ ಇದ್ದ 44 ಮಂದಿಯೂ ಬೆಂಕಿ ಹತ್ತುವ ಮೊದಲೇ ಇಳಿದು ಹೋದರು. ಎರಡು ದಿನಗಳಲ್ಲಿ ಮರಳು ತುಂಬಿ ಬಾವಿ ತಾನಾಗಿ ಮುಚ್ಚಿಕೊಂಡಿತು. ಈ ಎರಡನ್ನೂ ಒಟ್ಟಿಗಿಟ್ಟು ಕಲಿಸಿದ್ದು ಸರಿಯಾದ ಆಯ್ಕೆ.

ಇನ್ನು ಕೊರತೆಗಳು. ಬ್ಲೋಔಟ್‌ಗಳ, ಅಂದರೆ ಬಾವಿ ಹಿಡಿತ ತಪ್ಪಿ ಸಿಡಿದ ಅವಘಡಗಳ, ಪಟ್ಟಿಯ ಒಂದು ಸ್ಲೈಡಿನಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ಮತ್ತು ಮುಂಬಯಿ ಕಡಲಿನ ಮುಂಬಯಿ ಹೈ ನಾರ್ತ್ ಎಂಬ ವೇದಿಕೆಗಳ ಬೆಂಕಿ ಎರಡನ್ನೂ ಸೇರಿಸಿದ್ದಾರೆ. ಎರಡೂ ಬ್ಲೋಔಟ್ ಅಲ್ಲ. 1988ರ ಜುಲೈ 6ರಂದು ಪೈಪರ್ ಆಲ್ಫಾದಲ್ಲಿ 167 ಮಂದಿ ಸತ್ತದ್ದು, ಕಳಚಿಟ್ಟ ಸುರಕ್ಷತಾ ವಾಲ್ವಿನ ಸುದ್ದಿ ರಾತ್ರಿಯ ಪಾಳಿಗೆ ಮುಟ್ಟದೆ ಕಂಡೆನ್ಸೇಟ್ ಎಂಬ, ಗ್ಯಾಸಿನಿಂದ ಬೇರ್ಪಡುವ ದ್ರವ ಇಂಧನದ ಪಂಪನ್ನು ಚಾಲೂ ಮಾಡಿದ್ದರಿಂದ. 2005ರ ಜುಲೈ 27ರಂದು ಮುಂಬಯಿ ಹೈಯಲ್ಲಿ 22 ಮಂದಿಯನ್ನು ಕಳೆದುಕೊಂಡದ್ದು, ಗಾಯಗೊಂಡ ಅಡುಗೆಯವನನ್ನು ದಾಟಿಸಲು ಬಂದ ಸಮುದ್ರ ಸುರಕ್ಷಾ ಹಡಗು ವೇದಿಕೆಗೂ ಸಮುದ್ರತಳಕ್ಕೂ ನಡುವಿನ ಗ್ಯಾಸ್ ಕೊಳವೆಯಾದ ರೈಸರಿಗೆ ಬಡಿದದ್ದರಿಂದ. ಬಿಒಪಿಯ ಅರಿವು ಎಷ್ಟಿದ್ದರೂ ಈ ಎರಡು ಬೆಂಕಿಗಳಲ್ಲಿ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ. ಅಲ್ಲಿ ಬೇಕಾದದ್ದು ಕೆಲಸಕ್ಕೆ ಅನುಮತಿ ಕೊಡುವ ಪರ್ಮಿಟ್ ಕಾಗದದ ಶಿಸ್ತು ಮತ್ತು ಪಾರಾಗುವ ದಾರಿ. ಹೇಳಿದಾಗ ಶಿಕ್ಷಕರು ಒಪ್ಪಿದರು, ಸ್ಲೈಡನ್ನು ಅಲ್ಲಿಯೇ ತಿದ್ದಿದರು.

ಆದರೆ ಪಾರಾಗುವ ಪಾಠಕ್ಕೆ ನಾಲ್ಕು ದಿನಗಳಲ್ಲಿ ಸಿಕ್ಕಿದ್ದು ನಲವತ್ತೈದು ನಿಮಿಷ ಮಾತ್ರ. ಅಪಾಯದಲ್ಲಿ ಎಲ್ಲರೂ ಸೇರಬೇಕಾದ ಮಸ್ಟರ್ ಸ್ಥಳದಲ್ಲೇ ಹೊಗೆ ತುಂಬಿದರೆ ಎಲ್ಲಿಗೆ ಹೋಗಬೇಕು ಎಂದು ನನ್ನ ಸೋದರಳಿಯ ಕೇಳಿದ ಪ್ರಶ್ನೆಗೆ ಸ್ಪಷ್ಟ ಉತ್ತರ ಬರಲಿಲ್ಲ. ಪೈಪರ್ ಆಲ್ಫಾದಲ್ಲಿ ಬಹಳ ಮಂದಿ ಸತ್ತದ್ದು ವಸತಿ ಕಟ್ಟಡದಲ್ಲಿ ಕಾಯುತ್ತ, ಹೊಗೆಯಿಂದ. ಮುಂಬಯಿ ಹೈಯಲ್ಲಿ ಎಂಟು ಲೈಫ್‌ಬೋಟ್‌ಗಳ ಪೈಕಿ ನೀರಿಗಿಳಿಸಲಾದದ್ದು ಎರಡನ್ನು. 1984ರಲ್ಲಿ ಬ್ರೆಜಿಲಿನ ಎನ್‌ಶೋವಾ ವೇದಿಕೆಯಲ್ಲಿ ಬ್ಲೋಔಟ್ ಆದಾಗ ಸತ್ತ 42 ಮಂದಿಯಲ್ಲಿ ಹೆಚ್ಚಿನವರು ಬೆಂಕಿಗೆ ಸಿಕ್ಕವರಲ್ಲ, ಇಳಿಸುವಾಗ ಕೆಟ್ಟು ಬಿದ್ದ ಲೈಫ್‌ಬೋಟಿನಲ್ಲಿದ್ದವರು. ಇಷ್ಟೆಲ್ಲ ಇರುವಾಗ ಲೈಫ್‌ಬೋಟಿನ ಕೊಕ್ಕೆ ಹೇಗೆ ಬಿಡುತ್ತದೆ, ಒಳಗೆ ಯಾರು ಎಲ್ಲಿ ಕುಳಿತು ಬೆಲ್ಟ್ ಕಟ್ಟಿಕೊಳ್ಳಬೇಕು ಎಂಬುದನ್ನು ಒಂದು ಚಿತ್ರದಲ್ಲಿ ಮುಗಿಸಿಬಿಡುವುದು ಸರಿಯಲ್ಲ.

ಕೋಣೆ ಚಿಕ್ಕದು, ಇಪ್ಪತ್ತೆರಡು ಮಂದಿಗೆ ಫ್ಯಾನ್ ಎರಡೇ. ಊಟ ಚೆನ್ನಾಗಿದೆ. ಕ್ಯಾಲ್ಕ್ಯುಲೇಟರ್ ನಾವೇ ಒಯ್ಯಬೇಕು.

ಮಂಜೇಶ್ವರದಿಂದ ಕಾಞಂಗಾಡಿನ ತನಕ ರಿಗ್ಗಿಗೆ ಹೊರಟ ಹುಡುಗರಿರುವ ಮನೆಯವರು, ಅಧಿಕೃತ ಕೋರ್ಸಿಗೆ ಹಣ ಕಟ್ಟುವ ಮೊದಲು ಅವರನ್ನು ಇಲ್ಲಿಗೆ ಕಳುಹಿಸಲಿ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಅಧಿಕೃತ ಕೋರ್ಸಿನ ಬದಲಿಗೆ ಮಾತ್ರ ಖಂಡಿತ ಬೇಡ. ಐದನೆಯ ದಿನವೊಂದನ್ನು ಸೇರಿಸಿ ಪಾರಾಗುವ ಪಾಠಕ್ಕೇ ಮೀಸಲಿಡಬೇಕೆಂದು ಕೇಂದ್ರಕ್ಕೆ ಬರೆದುಕೊಟ್ಟಿದ್ದೇನೆ. ಆ ದಿನ ನೀರ್ಚಾಲಿನಿಂದ ಬಂದು, ಸಂಭಾವನೆಯಿಲ್ಲದೆ, ಲೈಫ್‌ಬೋಟಿನ ಪಾಠ ಹೇಳಲು ನಾನು ಸಿದ್ಧನಿದ್ದೇನೆ ಎಂಬುದನ್ನೂ ಅದೇ ಕಾಗದದ ಕೆಳಗೆ ಬರೆದು ಸಹಿ ಹಾಕಿದ್ದೇನೆ.