ಗೋಡೆ ತುಂಬಾ ಫೋಮ್ ಅಂಟಿಸಬೇಡಿ, ನಾನು ಕೆಟ್ಟಿದ್ದೇನೆ

ಹೋದ ತಿಂಗಳು ಬಾಡಿಗೆ ಮನೆ ಖಾಲಿ ಮಾಡಿದೆ. ಓನರ್ ಅಡ್ವಾನ್ಸ್‌ನಲ್ಲಿ ಎರಡು ತಿಂಗಳ ಬಾಡಿಗೆಯಷ್ಟು ಹಿಡಿದುಕೊಂಡರು. ಅವರನ್ನು ಬೈಯುವ ಹಾಗೂ ಇಲ್ಲ. ಒಂದು ಕೋಣೆಯ ಬಣ್ಣ, ಪುಟ್ಟಿ ಎಲ್ಲ ನಾನು ರೆಕಾರ್ಡಿಂಗ್‌ಗೆಂದು ಅಂಟಿಸಿದ್ದ ಫೋಮ್ ಜೊತೆಗೇ ಕಿತ್ತು ಬಂದಿತ್ತು.

ಆಡಿಯೋ ಪುಸ್ತಕ ಓದುವ ಕೆಲಸ ಸಿಕ್ಕಿತ್ತು. ಮನೆಯ ಹತ್ತು ಬೈ ಹತ್ತು ಕೋಣೆಯಲ್ಲಿ ಮಾತಾಡಿದರೆ ಬಾವಿಯೊಳಗಿಂದ ಕೂಗಿದ ಹಾಗಿತ್ತು. ಅಂಗಡಿಯವರು, 'ಗೋಡೆ ಪೂರ್ತಿ ಮುಚ್ಚಿಬಿಡಿ ಸಾರ್, ಸ್ಟುಡಿಯೋನೇ ಆಗುತ್ತೆ, ಹೊರಗಿನ ಸದ್ದೂ ಬರಲ್ಲ' ಅಂದರು. ಒಂದಿಂಚಿನ ಕರಿ ಫೋಮ್ ತಂದು, ಸ್ಪ್ರೇ ಅಂಟು ಹೊಡೆದು ನಾಲ್ಕೂ ಗೋಡೆಗೆ ಬಡಿದೆ. ಮೈಕ್‌ಗಿಂತ ಜಾಸ್ತಿ ದುಡ್ಡು ಇದಕ್ಕೇ ಹೋಯಿತು.

ಚಪ್ಪಾಳೆ ತಟ್ಟಿ ನೋಡಿದರೆ ಪ್ರತಿಧ್ವನಿ ಇಲ್ಲ. ಖುಷಿಯಲ್ಲಿ ಮೂರು ಅಧ್ಯಾಯ ಓದಿ ಕಳಿಸಿದೆ. ಮೂರೂ ವಾಪಸ್ ಬಂದವು. 'ಡ್ರಮ್ಮಿನೊಳಗೆ ಕೂತು ಕಂಬಳಿ ಹೊದ್ದು ಓದಿದ ಹಾಗಿದೆ' ಅಂದರು.

ಆಗಿದ್ದಿಷ್ಟು. ತೆಳು ಫೋಮ್ ನುಂಗುವುದು ಸಕಾರ, ಶಕಾರದಂಥ ಚೂಪು ಸದ್ದನ್ನು ಮಾತ್ರ. ಎದೆಯಿಂದ ಬರುವ ದಪ್ಪ ದನಿ ಹಾಗೇ ಉಳಿಯುತ್ತದೆ. 100 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ನೂರು ಸಲ ಕಂಪಿಸುವ ದಪ್ಪ ದನಿಯ ಅಲೆ ಸುಮಾರು 3.4 ಮೀಟರ್ ಉದ್ದ. ಅದಕ್ಕೆ ಒಂದಿಂಚು ಫೋಮ್ ಅಂದರೆ ಆನೆಗೆ ಸೊಳ್ಳೆ ಪರದೆ ಕಟ್ಟಿದ ಹಾಗೆ! ನನ್ನ ಕೋಣೆಯ ಎತ್ತರವೂ ಹತ್ತಡಿ. ಸದ್ದು ಎದುರುಬದುರು ಗೋಡೆಗಳ ನಡುವೆ, ನೆಲ-ಚಾವಣಿಯ ನಡುವೆ ಪುಟಿಯುತ್ತದೆ; ಮೂರೂ ಅಳತೆ ಒಂದೇ ಆದರೆ 56, 112 ಹರ್ಟ್ಸ್ ಮೂರು ಕಡೆಯಿಂದಲೂ ಉಬ್ಬುತ್ತವೆ. ಗಂಡಸರ ದನಿ ಬಹುಪಾಲು ಆ 112ರ ಆಸುಪಾಸಿನಲ್ಲೇ ಇರುತ್ತದೆ. ಅದು ಸಾಲದು ಅಂತ ನಾನು ಕೂತದ್ದು ಕೋಣೆಯ ನಟ್ಟನಡುವೆ. ಆ ಸದ್ದು ಜೋರಾಗುವ ಜಾಗಗಳಲ್ಲಿ ಅದೂ ಒಂದು.

ಪಕ್ಕದ ಮನೆ ಕುಕ್ಕರ್ ಸೀಟಿ? ಮೊದಲಿನ ಹಾಗೇ ಬರುತ್ತಿತ್ತು. ಹೊರಗಿನ ಸದ್ದು ತಡೆಯಲು ತೂಕದ ಗೋಡೆ ಬೇಕು, ಸಂದು ಮುಚ್ಚಬೇಕು. ಫೋಮ್‌ಗೆ ತೂಕವೆಲ್ಲಿದೆ? ಮೊಟ್ಟೆ ಟ್ರೇಗಳನ್ನೂ ನೋಡಿದೆ, ಅದೂ ಸುಮ್ನೆ.

ಕಿತ್ತ ತುಂಡೊಂದಕ್ಕೆ ಟೆರೇಸ್ ಮೇಲೆ ಕಡ್ಡಿ ಗೀರಿದೆ. ಧಗ್ಗನೆ ಹತ್ತಿಕೊಂಡಿತು, ಕರಿ ಹೊಗೆ. 2013ರಲ್ಲಿ ಬ್ರೆಜಿಲ್‌ನ ಸಾಂತಾ ಮರಿಯಾದ ಕ್ಲಬ್ಬಿನಲ್ಲಿ ಚಾವಣಿಯ ಫೋಮ್‌ಗೆ ಬೆಂಕಿ ಹತ್ತಿ 242 ಜನ ಸತ್ತರು. ಹೆಚ್ಚಿನವರು ಹೊಗೆಯಿಂದಲೇ. ಸ್ವಿಚ್‌ಬೋರ್ಡ್ ಸುತ್ತ ಅದನ್ನೇ ಅಂಟಿಸಿ ಆರು ತಿಂಗಳು ಬಾಗಿಲು ಹಾಕಿಕೊಂಡು ಕೂತಿದ್ದೆನಲ್ಲ!

ಈಗಿನ ಕೋಣೆ ಉದ್ದಕ್ಕಿದೆ. ಬೆನ್ನ ಹಿಂದೆ ಅವ್ವ ಹೊಲಿದ ಎರಡು ಕೌದಿ, ಗೋಡೆಯಿಂದ ಒಂದು ಗೇಣು ಬಿಟ್ಟು ಹಗ್ಗಕ್ಕೆ ಹಾಕಿದ್ದೇನೆ. ಮೂಲೆಗೆ ಹತ್ತಿಯ ಹಾಸಿಗೆ. ಎದುರಿನ ಸದ್ದು ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ನಮ್ಮ ಬೆನ್ನ ಹಿಂದಿನ ಗೋಡೆಯನ್ನೂ ಕೇಳಿಸಿಕೊಳ್ಳುತ್ತದೆ, ಹಾಗಾಗಿ ಮೊದಲು ಮುಚ್ಚಬೇಕಾದ್ದು ಅದನ್ನೇ. ಬಾಯಿಗೂ ಮೈಕಿಗೂ ಒಂದು ಗೇಣು, ಫ್ಯಾನ್ ಆಫ್. ಗುಂ ಅನ್ನುವುದು ಪೂರ್ತಿ ಹೋಗಿಲ್ಲ, ಆದರೆ ಅಧ್ಯಾಯಗಳು ವಾಪಸ್ ಬರುತ್ತಿಲ್ಲ. 'ಹೊಚ್ಚಿಕೊಳ್ಳಾಕ ಕೊಟ್ಟಿದ್ದು ಗ್ವಾಡಿಗ್ಯಾಕೋ?' ಅಂತ ಅವ್ವ ಮಾತ್ರ ಇನ್ನೂ ಕೇಳುತ್ತಿದ್ದಾಳೆ.

ಖರ್ಚು ಮಾಡಲೇಬೇಕೆಂದರೆ ನಾಲ್ಕಿಂಚಿನ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರಿನ ಹಾಸು) ಅನ್ನು ಮರದ ಚೌಕಟ್ಟಿಗೆ ತುಂಬಿ, ಬಟ್ಟೆ ಹೊದಿಸಿ ನಿಲ್ಲಿಸಿ. ಅಂಟು ಬೇಡ. ಅದಕ್ಕೂ ಮೊದಲು ಬಟ್ಟೆ ತುಂಬಿದ ಬೀರು ತೆರೆದು, ಅದಕ್ಕೆ ಬೆನ್ನು ಮಾಡಿ ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿ.