ನಾಟ್ ಲೈಕ್ ಅಸ್: ಬೈಗುಳಕ್ಕೆ ಇಂಥ ಬೀಟ್ ಸಿಕ್ಕರೆ

ಡಿಸ್ ಟ್ರ್ಯಾಕ್, ಅಂದ್ರೆ ಒಬ್ಬ ರ‍್ಯಾಪರ್ ಇನ್ನೊಬ್ಬನನ್ನು ಬೈಯಲೆಂದೇ ಮಾಡುವ ಹಾಡು, ಜಗಳ ಬಿಸಿಯಾಗಿರುವಷ್ಟು ದಿನ ಕೇಳಿ ಮರೆಯುವಂಥದ್ದು, ಅಲ್ವಾ? ಅಮೆರಿಕದ ರ‍್ಯಾಪರ್ ಕೆಂಡ್ರಿಕ್ ಲಮಾರ್ ಕೆನಡಾದ ರ‍್ಯಾಪರ್ ಡ್ರೇಕ್ ವಿರುದ್ಧ ಬಿಟ್ಟ ಈ ಹಾಡು ಹಾಗಲ್ಲ. ಬಂದದ್ದು 2024ರ ಮೇ 4ರಂದು. ಹಿಂದಿನ ರಾತ್ರಿಯಷ್ಟೇ ಇಬ್ಬರೂ ಹಾಡಿನಲ್ಲೇ ಒಬ್ಬರನ್ನೊಬ್ಬರು ಜಾಲಾಡಿದ್ದರು.

ಮೊದಲ ಶಹಬ್ಬಾಸ್ ಬೀಟ್ ಮಾಡಿದ ಮಸ್ಟರ್ಡ್‌ಗೆ. ಮೇಲೆ ಪಿಟೀಲಿನ ಚಿಕ್ಕ ತುಣುಕೊಂದು ಸುತ್ತುತ್ತಲೇ ಇರುತ್ತದೆ, ಕೆಳಗೆ ಎದೆಗೆ ತಾಗುವ ಬೇಸ್. ಮಾತು ಅರ್ಥವಾಗುವ ಮೊದಲೇ ತಲೆ ತಾನಾಗಿ ಆಡುತ್ತದೆ. ಹಿಂದಿನ ರಾತ್ರಿಯ ಕೆಂಡ್ರಿಕ್ ಹಾಡು ಎಷ್ಟು ಕತ್ತಲೆ ಅಂದ್ರೆ ಎರಡನೇ ಸಲ ಕೇಳೋದೇ ಕಷ್ಟ, ಇದು ಮಾತ್ರ ನೇರವಾಗಿ ಪಾರ್ಟಿಗೆ ಹೋಯಿತು, ಅಲ್ಲೇ ಡ್ರೇಕ್ ಸೋತದ್ದು ಅಂತ ನನಗನ್ನಿಸುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಮೂರನೇ ಚರಣ. ಸುಮ್ನೆ ಬೈಯೋದನ್ನು ಬಿಟ್ಟು ಕೆಂಡ್ರಿಕ್ ಗುಲಾಮಗಿರಿಯ ಕಾಲಕ್ಕೆ, ಅಮೆರಿಕದ ಅಟ್ಲಾಂಟಾ ಊರಿನ ಕಥೆಗೆ ಹೋಗುತ್ತಾನೆ. ಆಮೇಲೆ ಅಲ್ಲಿನ ರ‍್ಯಾಪರ್‌ಗಳ ಹೆಸರು ಒಂದೊಂದಾಗಿ ಹೇಳಿ, ಇವರ ಹೆಸರು ಬಳಸಿಕೊಂಡು ನೀನು ದುಡ್ಡು ಮಾಡಿದೆ ಅಂತ ಡ್ರೇಕ್‌ಗೆ ಲೆಕ್ಕ ಕೇಳುತ್ತಾನೆ. ಬೈಗುಳ ಅಲ್ಲಿ ವಾದವಾಗುತ್ತದೆ.

ಒಪ್ಪಿಗೆಯಾಗದ್ದೂ ಇದೆ. ಡ್ರೇಕ್ ಮೇಲೆ ಹೊರಿಸಿದ ಆರೋಪಗಳು ತೀರಾ ಗಂಭೀರ, ಸಾಬೀತಾಗಿಲ್ಲ, ಅವನು ಅಲ್ಲಗಳೆದಿದ್ದಾನೆ. ಆ ಸಾಲುಗಳಿಗೆ ದನಿಗೂಡಿಸಲು ನನಗಾಗುವುದಿಲ್ಲ. ಈ ಹಾಡು ಹೊರತಂದ ರೆಕಾರ್ಡ್ ಕಂಪನಿ ಮೇಲೆ ಡ್ರೇಕ್ ಹಾಕಿದ ಮಾನನಷ್ಟ ಕೇಸು 2025ರ ಅಕ್ಟೋಬರ್‌ನಲ್ಲಿ ವಜಾ ಆಯಿತು. ಅಷ್ಟರಲ್ಲಿ ಹಾಡು 5 ಗ್ರ್ಯಾಮಿ ಗೆದ್ದಿತ್ತು. ಫೋನ್ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ, ಆ ಬೇಸ್ ಪೂರ್ತಿ ಸತ್ತುಹೋಗುತ್ತದೆ.