ಬರಿ ಪ್ಲಾಸ್ಟಿಕ್ ಮೇಲೆ ಗ್ಯಾರೇಜ್ ಪೇಂಟ್ ಹೊಡೆಯಬೇಡಿ: ಹಾಳಾದ ಒಂದು ಬೆಲ್ ಏರ್ ಕಿಟ್‌ನ ಲೆಕ್ಕ

ಬಿಡಿಭಾಗ ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಮಾದರಿ ಕಾರಿನ ಕಿಟ್ ಇದು: 1957ರ ಷೆವರ್ಲೆ ಬೆಲ್ ಏರ್, ಅಳತೆ 1/25, ಅಂದರೆ ನಿಜ ಕಾರಿನ ಇಪ್ಪತ್ತೈದನೇ ಒಂದು. ಬಾಡಿ ತೊಳೆದು, ಅಚ್ಚಿನ ಗೆರೆ ಉಜ್ಜಿ, ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳದ ಕೋಟ್) ಇಲ್ಲದೆ ನಿಜ ಕಾರಿಗೆ ಟಚ್-ಅಪ್ ಮಾಡುವ ಸ್ಪ್ರೇ ಕ್ಯಾನ್‌ನಿಂದ ಒಂದೇ ಸಲಕ್ಕೆ ದಪ್ಪವಾಗಿ ಬಣ್ಣ ಹೊಡೆದದ್ದು. ಮೊದಲ ಐದು ನಿಮಿಷ ಗಾಜಿನ ಹಾಗೆ ಮಿಂಚಿತು. ಆಮೇಲೆ ಹಿಂಬದಿಯ ರೆಕ್ಕೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಅರ್ಧ ಗಂಟೆಯೊಳಗೆ ಇಡೀ ಟಾಪು ಬೇಸಿಗೆಯ ಕೆರೆಯಂಗಳ. ಪಕ್ಕದ ಅಲಂಕಾರದ ಪಟ್ಟಿಯ ಸಣ್ಣ ಏಣುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಆ ಏಣು ಮತ್ತೆ ಕೆತ್ತಲು ಬರುವುದಿಲ್ಲ. ಬಾಡಿ ಹೋದ ಹಾಗೆಯೇ.

ಬಿರುಕು ಬಿಟ್ಟದ್ದು ಬಣ್ಣವಲ್ಲ, ಕೆಳಗಿನ ಪ್ಲಾಸ್ಟಿಕ್. ಈ ಕಿಟ್‌ಗಳ ಬಾಡಿ ಪಾಲಿಸ್ಟೈರೀನ್. ಗ್ಯಾರೇಜ್ ಲ್ಯಾಕರ್‌ನಲ್ಲೂ (ಕಾರಿಗೆ ಹೊಡೆಯುವ, ಬೇಗ ಒಣಗುವ ಬಣ್ಣ), ಅದನ್ನು ತೆಳುವಾಗಿಸುವ ಎನ್‌ಸಿ ಥಿನ್ನರ್‌ನಲ್ಲೂ ಇರುವ ಟಾಲುಯೀನ್, ಅಸಿಟೋನ್ ಜಾತಿಯ ದ್ರಾವಕಗಳು ಅದನ್ನು ಕರಗಿಸುತ್ತವೆ. ಅಚ್ಚಿಗೆ ಪ್ಲಾಸ್ಟಿಕ್ ಒತ್ತುವಾಗ ಒಳಗೆ ಉಳಿದ ಬಿಗಿತ, ದ್ರಾವಕ ತಾಗಿದೊಡನೆ ಬಿರುಕಾಗಿ ಹೊರಬರುತ್ತದೆ. ಬಣ್ಣ ಎಷ್ಟು ಹೊತ್ತು ಹಸಿಯಿರುತ್ತದೋ ಅಷ್ಟೂ ಹೊತ್ತು ಪ್ಲಾಸ್ಟಿಕ್ ನೆನೆಯುತ್ತದೆ, ಹಾಗಾಗಿ ದಪ್ಪ ಕೋಟ್ ಅಂದರೆ ದುಪ್ಪಟ್ಟು ಹಾನಿ. ನೋಟಕ್ಕೂ ಅದು ಒಳ್ಳೆಯದಲ್ಲ: 0.1 ಮಿ.ಮೀ. ಬಣ್ಣ ಈ ಅಳತೆಯಲ್ಲಿ ನಿಜ ಕಾರಿನ ಮೇಲೆ 2.5 ಮಿ.ಮೀ. ಬಳಿದಂತೆ. ಬಾಗಿಲ ಸಂದು ಮುಚ್ಚಿಹೋಗುತ್ತದೆ.

ಹಾರ್ಡ್‌ವೇರ್ ಅಂಗಡಿಯ ಬಣ್ಣವೇ ಗತಿ ಎನ್ನುವವರು ಮೊದಲು ಮಾದರಿ ಕಿಟ್‌ಗಳಿಗೆಂದೇ ಬರುವ ಹಾಬಿ ಪ್ರೈಮರ್ ಹಾಕಿ. ಗ್ಯಾರೇಜ್ ಪ್ರೈಮರ್ ಆಗದು, ಅದರಲ್ಲೂ ಅದೇ ದ್ರಾವಕ. ಎರಡು ಮೂರು ತೆಳು ಕೋಟ್, ಒಂದು ದಿನ ಒಣಗಲು ಬಿಡಿ. ಆಮೇಲೆ ಬಣ್ಣ: 25-30 ಸೆಂ.ಮೀ. ದೂರದಿಂದ, ಮೊದಲೆರಡು ಕೋಟ್ ಬರೀ ಧೂಳು ಕೂತಂತೆ, ನಡುವೆ 10-15 ನಿಮಿಷ. ಹೊಳಪಿನ ಕೋಟ್ ಕೊನೆಗೆ. ಪರೀಕ್ಷೆಯನ್ನು ಸ್ಪ್ರೂ (ಬಿಡಿಭಾಗಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಕಡ್ಡಿ) ತುಂಡಿನ ಮೇಲೆ ಮಾತ್ರ ಮಾಡಿ ನಂಬಬೇಡಿ, ಟಾಪಿನ ಒಳಭಾಗದಲ್ಲೂ ಅದೇ ಕೋಟ್‌ಗಳನ್ನು ಹೊಡೆದು ಒಂದು ರಾತ್ರಿ ನೋಡಿ. ಮಳೆಗಾಲದಲ್ಲಂತೂ ಲ್ಯಾಕರ್ ಮುಟ್ಟದಿರುವುದೇ ಲೇಸು. ತೇವಕ್ಕೆ ಬೂದಿ ಬಳಿದಂತೆ ಮಬ್ಬಾಗುತ್ತದೆ.

ಕಿಟ್ ಕೆಂಪು ಪ್ಲಾಸ್ಟಿಕ್‌ನದಾಗಿದ್ದರೆ ಇನ್ನೊಂದು ತಲೆನೋವು. ಟಾಪಿಗೆ ದಂತವರ್ಣ ಹೊಡೆದರೆ ಕೆಲ ದಿನಗಳಲ್ಲಿ ಗುಲಾಬಿ ಛಾಯೆ ಮೇಲೇಳುತ್ತದೆ, ಪ್ಲಾಸ್ಟಿಕ್‌ನ ಬಣ್ಣ ದ್ರಾವಕದೊಂದಿಗೆ ಮೇಲೆ ಬರುವುದರಿಂದ. ಪ್ರೈಮರ್ ಮೇಲೆ ಒಂದು ಬೆಳ್ಳಿ ಬಣ್ಣದ ಕೋಟ್ ತಡೆಗೋಡೆಯಾಗುತ್ತದೆ.

ಹಿಡಿಕೆ, ಲಾಂಛನ ತೆಗೆದು ಕಸ್ಟಮ್ ಮಾಡುವವರು ಪುಟ್ಟಿಯ ಬಗ್ಗೆ ಎಚ್ಚರ. ಟ್ಯೂಬಿನಿಂದ ನೇರ ಹಿಂಡುವ ಪುಟ್ಟಿ ದ್ರಾವಕ ಆರುತ್ತಲೇ ಕುಗ್ಗುತ್ತದೆ. ಗುಂಡಿ ಒಂದೇ ಸಲ ತುಂಬಿ, ಮರುದಿನ ಉಜ್ಜಿ ಬಣ್ಣ ಹೊಡೆದರೆ ಎರಡು ವಾರದಲ್ಲಿ ಅಲ್ಲಿ ತಗ್ಗು, ಸುತ್ತ ದೆವ್ವದ ನೆರಳಿನಂಥ ಅಂಚು. ಆಳದ ಕಡೆ ಎರಡು ಭಾಗ ಬೆರೆಸುವ ಎಪಾಕ್ಸಿ ಪುಟ್ಟಿ ಬಳಸಿ. ಸಣ್ಣ ತೂತಿಗೆ ಸೂಪರ್ ಗ್ಲೂ ಮತ್ತು ಅಡಿಗೆ ಸೋಡಾ ಸಾಕು. ಆದರೆ ಅದೇ ದಿನ ಉಜ್ಜಿಬಿಡಿ, ಬಿಟ್ಟರೆ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ ಸುತ್ತಲಿನದೇ ಸವೆಯುತ್ತದೆ. ಅದೇ ಗ್ಲೂ ವಿಂಡ್‌ಶೀಲ್ಡ್ ಹತ್ತಿರ ತರಬೇಡಿ. ಅದರ ಆವಿಗೆ ಗಾಜಿನ ಭಾಗ (ಅದೂ ಪಾರದರ್ಶಕ ಪ್ಲಾಸ್ಟಿಕ್ಕೇ) ಬಿಳಿ ಮಂಜಾಗುತ್ತದೆ. ಅಲ್ಲಿಗೆ ಬಿಳಿ ಫೆವಿಕಾಲ್ ಜಾತಿಯ ಅಂಟೇ ಸರಿ.

ಬಣ್ಣ ಕೆಟ್ಟರೆ ಎನ್‌ಸಿ ಥಿನ್ನರ್‌ನಿಂದ ಒರೆಸಲು ಹೋಗಬೇಡಿ, ಉಳಿದದ್ದೂ ಕರಗುತ್ತದೆ. 99% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬಾಡಿ ಮುಳುಗಿಸಿ, ಮುಚ್ಚಳ ಹಾಕಿ, ಒಂದು ದಿನ ಇಟ್ಟು ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ. ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ. ಎಲ್ಲ ಲ್ಯಾಕರೂ ಇದಕ್ಕೆ ಬಿಡುವುದಿಲ್ಲ. ಮೇಲ್ಮೈಯ ಬಿರುಕಾದರೆ 600, ಆಮೇಲೆ 1000 ನಂಬರಿನ ವಾಟರ್ ಪೇಪರ್‌ನಿಂದ ಇಳಿಸಬಹುದು; ಕರಗಿದ ಏಣುಗಳಿಗೆ ಮದ್ದಿಲ್ಲ.

ಹಳೆಯ ಕಿಟ್ ಕೊಂಡವರು ಡಬ್ಬಿ ಬಿಚ್ಚಿದ ಕೂಡಲೇ ಟೈರುಗಳನ್ನು ಬೇರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಮೆತ್ತನೆ ವಿನೈಲ್‌ನಿಂದ ಹೊರಬರುವ ಪ್ಲಾಸ್ಟಿಸೈಜರ್ (ಅದನ್ನು ಮೆತ್ತಗಿಡುವ ರಾಸಾಯನಿಕ) ಪಕ್ಕದ ಗಾಜಿಗೋ ಕ್ರೋಮ್ ಬಂಪರಿಗೋ ತಾಗಿದರೆ, ಟೈರಿನ ಅಚ್ಚು ಅಲ್ಲೇ ಕರಗಿ ಕೂರುತ್ತದೆ.